ಒಂದು ನೆಗೆಟಿವ್ ಬಂದರೆ ವ್ಯಾಪಾರ ಮುಳುಗುತ್ತಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಆನ್‌ಲೈನ್ ಹರಾಜಿನಲ್ಲಿ ಮಾರೋಕೆ ಶುರು ಮಾಡಿ ಕೆಲವು ತಿಂಗಳಾಗಿದೆ. ಕೊಂಡವರು ಬರೆಯೋ ಫೀಡ್‌ಬ್ಯಾಕ್‌ನಲ್ಲಿ (ಅಭಿಪ್ರಾಯದಲ್ಲಿ) 40 ಪಾಸಿಟಿವ್ ಬಂದಿದ್ದವು. ನಿನ್ನೆ ಯಾರೋ ಮೊದಲ ನೆಗೆಟಿವ್ ಹಾಕಿದ್ದಾರೆ. ರೇಟಿಂಗ್ ನಿಜಕ್ಕೂ ಅಷ್ಟು ಮುಖ್ಯವಾ, ಈ ಅಕೌಂಟ್ ಬಿಟ್ಟು ಹೊಸದು ತೆರೆಯೋದು ಒಳ್ಳೇದಾ ಅಂತ ಕೇಳಿದ್ದೀರಿ.

ಅಕೌಂಟ್ ಮುಚ್ಚಬೇಡಿ. ಮಿಕ್ಕಿದ್ದೆಲ್ಲ ಆಮೇಲೆ.

ನಾನು ಹಳೇ ಇಂಕು ಪೆನ್ನುಗಳನ್ನ ರಿಪೇರಿ ಮಾಡಿ ಹರಾಜಿಗೆ ಹಾಕುತ್ತೇನೆ. ಹಲವು ವರ್ಷದಿಂದ ಇದೇ ಕೆಲಸ. ನನ್ನ ಮೊದಲ ನೆಗೆಟಿವ್ ಬಂದಿದ್ದು ಹೀಗೆ. ಒಂದು ಕಪ್ಪು ಪೆನ್ನು ಮಾರಿದ್ದೆ. ಒಳಗಿನ ರಬ್ಬರ್ ಚೀಲ ಹೊಸದು ಹಾಕಿ, ನಿಬ್ಬು ನೇರ ಮಾಡಿ, ಚೆನ್ನಾಗಿ ಉಜ್ಜಿ ಕಳಿಸಿದ್ದೆ. ಕೊಂಡವರು ಬರೆದರು: "ಕ್ಯಾಪ್ ಬಿರುಕು ಬಿಟ್ಟಿದೆ. ವಿವರಣೆ ಸುಳ್ಳು." ನನಗೆ ಮೈ ಉರಿದುಹೋಯಿತು. ಹತ್ತು ನಿಮಿಷದಲ್ಲಿ ಉತ್ತರ ಹಾಕಿದೆ: "ಕಳಿಸುವಾಗ ಸರಿಯಾಗೇ ಇತ್ತು. ನೀವೇ ಬೀಳಿಸಿರಬೇಕು. ಇಂಥವರಿಗೆ ಯಾರೂ ಮಾರಬೇಡಿ." ಎರಡು ದಿನ ಬಿಟ್ಟು, ಸುಮ್ನೆ ಒಮ್ಮೆ ನೋಡೋಣ ಅಂತ ನನ್ನದೇ ಲಿಸ್ಟಿಂಗ್ ಫೋಟೋ ದೊಡ್ಡದು ಮಾಡಿ ನೋಡಿದೆ. ಕ್ಯಾಪ್ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಫೋಟೋದಲ್ಲೇ ಇತ್ತು. ನನಗೆ ಕಂಡಿರಲಿಲ್ಲ, ಅಷ್ಟೆ. ಹಣ ವಾಪಸ್ ಕೊಟ್ಟೆ, ಕ್ಷಮೆ ಕೇಳಿದೆ. ಆದರೆ ಆ ಉತ್ತರ ತಿದ್ದೋಕೆ ಆಗಲಿಲ್ಲ. ಅದರ ಕಥೆ ಇನ್ನೂ ಇದೆ, ಮುಂದೆ ಹೇಳುತ್ತೇನೆ.

ಮೊದಲು ಲೆಕ್ಕ. 40 ಪಾಸಿಟಿವ್, 1 ನೆಗೆಟಿವ್ ಅಂದರೆ ಈಗ ನಿಮ್ಮದು 97.6 ಶೇಕಡಾ. ಪರೀಕ್ಷೆಯಲ್ಲಿ ಇಷ್ಟು ಅಂಕ ಬಂದರೆ ಮನೆಯವರೆಲ್ಲ ಹಿಗ್ಗುತ್ತಾರೆ. ಹರಾಜಿನಲ್ಲಿ ಹಾಗಲ್ಲ, ಯಾಕಂದರೆ ಇಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ 99ರ ಮೇಲೇ ಇರುತ್ತೆ. ಕ್ರಿಸ್ ನೋಸ್ಕೊ, ಸ್ಟೀವ್ ಟಡೆಲಿಸ್ ಅನ್ನೋ ಅರ್ಥಶಾಸ್ತ್ರಜ್ಞರು ಆನ್‌ಲೈನ್ ಹರಾಜಿನ ದೊಡ್ಡ ತಾಣವಾದ ಇಬೇಯ ಒಳಗಿನ ದತ್ತಾಂಶ ತೆಗೆದು ನೋಡಿದಾಗ ಮಾರುವವರ ಸರಾಸರಿ 99.3 ಇತ್ತು. ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವವರದು ನೂರಕ್ಕೆ ನೂರು. ಹಾಗಾಗಿ 97.6 ಅಂದ ಕೂಡಲೇ ಕೊಳ್ಳುವವರ ಕಣ್ಣು ಅಲ್ಲಿ ನಿಲ್ಲುತ್ತೆ. ಅದನ್ನ ಇಲ್ಲ ಅನ್ನೋಕೆ ಆಗಲ್ಲ.

ಮತ್ತೆ 99 ಮುಟ್ಟೋಕೆ ನಿಮಗೆ ಒಟ್ಟು 99 ಪಾಸಿಟಿವ್ ಬೇಕು, ಅಂದರೆ ಇನ್ನೂ 59. ಇದರಲ್ಲಿ ಒಂದು ತೊಡಕಿದೆ. ಕೊಂಡವರೆಲ್ಲ ಫೀಡ್‌ಬ್ಯಾಕ್ ಬರೆಯಲ್ಲ. ಪಾಲ್ ರೆಸ್ನಿಕ್, ರಿಚರ್ಡ್ ಝೆಕ್‌ಹೌಸರ್ ಅನ್ನೋ ಸಂಶೋಧಕರು 1999ರ ಇಬೇ ವ್ಯವಹಾರಗಳನ್ನ ಎಣಿಸಿದಾಗ ಕೊಂಡವರಲ್ಲಿ ಬರೆದಿದ್ದು 52.1 ಶೇಕಡಾ ಮಾತ್ರ. ಆ ಲೆಕ್ಕ ಹಿಡಿದರೆ 59 ಪಾಸಿಟಿವ್‌ಗೆ ನೂರಹತ್ತು, ನೂರಿಪ್ಪತ್ತು ಮಾರಾಟ ಬೇಕು. ದೂರದ ದಾರಿ ಅನಿಸಬಹುದು. ಆದರೆ ಇಬೇಯಲ್ಲಿ ಈ ಶೇಕಡಾ ಲೆಕ್ಕಕ್ಕೆ ಹಿಡಿಯೋದು ಹಿಂದಿನ 12 ತಿಂಗಳನ್ನ ಮಾತ್ರ. ಒಂದು ವರ್ಷ ತಾಳಿಕೊಂಡರೆ ನಿನ್ನೆಯ ನೆಗೆಟಿವ್ ಆ ಲೆಕ್ಕದಿಂದ ತಾನಾಗೇ ಬಿದ್ದುಹೋಗುತ್ತೆ. ನೀವು ಮಾರುವ ತಾಣದ ನಿಯಮ ಬೇರೆ ಇರಬಹುದು, ಒಮ್ಮೆ ಓದಿ ನೋಡಿ.

ಈಗ ಹೊಸ ಅಕೌಂಟ್ ವಿಷಯ. ಇದೇ ರೆಸ್ನಿಕ್, ಝೆಕ್‌ಹೌಸರ್ ಜೊತೆ ಇನ್ನಿಬ್ಬರು ಸೇರಿ ಒಂದು ಸೊಗಸಾದ ಪ್ರಯೋಗ ಮಾಡಿದರು. 2006ರಲ್ಲಿ ಪ್ರಕಟವಾಯಿತು. ಹಳೇ ಪೋಸ್ಟ್‌ಕಾರ್ಡ್ ಮಾರುತ್ತಿದ್ದ, ಒಳ್ಳೇ ಹೆಸರಿದ್ದ ನಿಜವಾದ ಇಬೇ ವ್ಯಾಪಾರಿಯನ್ನೇ ಜೊತೆಗೆ ಸೇರಿಸಿಕೊಂಡರು. ಒಂದೇ ತರದ ಕಾರ್ಡುಗಳನ್ನ ಜೋಡಿ ಮಾಡಿ, ಒಂದನ್ನ ಅವರ ಹಳೇ ಹೆಸರಲ್ಲಿ, ಇನ್ನೊಂದನ್ನ ಆಗಷ್ಟೇ ತೆರೆದ ಹೆಸರಲ್ಲಿ ಹರಾಜಿಗೆ ಹಾಕಿದರು. ಮಾರುವವರು ಅವರೇ, ಸರಕೂ ಅದೇ ತರದ್ದು. ಹಳೇ ಹೆಸರಿಗೆ ಜನ 8.1 ಶೇಕಡಾ ಜಾಸ್ತಿ ಕೊಡೋಕೆ ತಯಾರಿದ್ದರು. ಆಮೇಲೆ ಇನ್ನೊಂದು ಕೆಲಸ ಮಾಡಿದರು. ಹೊಸ ಹೆಸರುಗಳಲ್ಲಿ ಕೆಲವಕ್ಕೆ ಒಂದೆರಡು ನೆಗೆಟಿವ್ ಬರೋ ಹಾಗೆ ಮಾಡಿ, ನೆಗೆಟಿವ್ ಇಲ್ಲದ ಹೊಸ ಹೆಸರಿನ ಜೊತೆ ಹೋಲಿಸಿದರು. ಜನ ಕೊಡೋಕೆ ತಯಾರಿದ್ದ ಬೆಲೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಅಂದರೆ ಹೊಸಬ ಅನ್ನೋದೇ ಕೊಳ್ಳುವವರಿಗೆ ದೊಡ್ಡ ಅನುಮಾನ. ನೀವು ನೆಗೆಟಿವ್ ತೊಳೆದುಕೊಳ್ಳೋಕೆ ಅಂತ 40 ಪಾಸಿಟಿವ್ ಬಿಟ್ಟು ಹೋಗ್ತೀನಿ ಅಂತಿದ್ದೀರಿ. ಮೂಗಿಗೆ ಶೀತ ಅಂತ ಮೂಗೇ ಕೊಯ್ದುಕೊಂಡ ಹಾಗೆ.

ಇದಕ್ಕೆ ವಿರುದ್ಧ ಕಾಣೋ ಇನ್ನೊಂದು ಅಧ್ಯಯನವೂ ಇದೆ, ಅದನ್ನ ಮುಚ್ಚಿಟ್ಟರೆ ತಪ್ಪಾಗುತ್ತೆ. ಲೂಯಿಸ್ ಕಬ್ರಾಲ್, ಅಲಿ ಹೊರ್ಟಾಸು ಅನ್ನೋ ಅರ್ಥಶಾಸ್ತ್ರಜ್ಞರು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಬೇ ವ್ಯಾಪಾರಿಗಳ ಹಳೇ ದಾಖಲೆ ಸಾಲಾಗಿ ಜೋಡಿಸಿ ನೋಡಿದರು. ಮೊದಲ ನೆಗೆಟಿವ್‌ಗೆ ಮುಂಚೆ ವಾರದ ಮಾರಾಟ 5 ಶೇಕಡಾದಂತೆ ಬೆಳೆಯುತ್ತಿತ್ತು. ಬಂದ ಮೇಲೆ 8 ಶೇಕಡಾದಂತೆ ಇಳಿಯತೊಡಗಿತು. ಮುಂದಿನ ನೆಗೆಟಿವ್‌ಗಳು ಮೊದಲನೇದಕ್ಕಿಂತ 25 ಶೇಕಡಾ ಬೇಗ ಬಂದವು, ಆದರೆ ಅವುಗಳ ಪೆಟ್ಟು ಮೊದಲನೇದರಷ್ಟು ಇರಲಿಲ್ಲ.

ಎರಡನೇ ನೆಗೆಟಿವ್ ಯಾಕೆ ಬೇಗ ಬರುತ್ತೆ? ನನ್ನ ಅನುಭವದಲ್ಲಿ ಉತ್ತರ ಸುಲಭ. ಮಾರುವವರ ಮನಸ್ಸು ಒಡೆಯುತ್ತೆ. ಆ ಪೆನ್ನಿನ ಗಲಾಟೆ ಆದ ಮೇಲಿನ ತಿಂಗಳು ನಾನು ಪ್ಯಾಕಿಂಗ್ ಮಾಡಿದ್ದನ್ನ ನೋಡಬೇಕಿತ್ತು. ಮುಂಚೆ ಪ್ರತಿ ಪೆನ್ನನ್ನೂ ಗಟ್ಟಿ ಕೊಳವೆಯೊಳಗೆ ಹತ್ತಿ ಇಟ್ಟು ಕಳಿಸುತ್ತಿದ್ದವನು, "ಎಷ್ಟು ಮಾಡಿದರೂ ಇಷ್ಟೇ ತಾನೇ" ಅಂತ ಕವರ್‌ಗೆ ತುರುಕತೊಡಗಿದೆ. ಮೆಸೇಜಿಗೆ ಮಾರನೇ ದಿನ ಉತ್ತರ ಕೊಟ್ಟೆ. ಎರಡನೇ ನೆಗೆಟಿವ್ ಆರು ವಾರದಲ್ಲಿ ಬಂತು. ಅದು ಪೂರ್ತಿ ನನ್ನದೇ ತಪ್ಪು. ಈಗ ನೀವಿರೋದು ಆ ಆರು ವಾರದ ಬಾಗಿಲಲ್ಲಿ. ನಿಮ್ಮ ಪ್ರೊಫೈಲ್‌ಗಿಂತ ನಿಮ್ಮ ಪ್ಯಾಕಿಂಗ್ ಬಗ್ಗೆ ನನಗೆ ಜಾಸ್ತಿ ಚಿಂತೆ.

ಇನ್ನು ಆ ಉತ್ತರದ ಕಥೆ. ಎರಡು ವರ್ಷ ಕಳೆದಿತ್ತು. ನನ್ನ ಶೇಕಡಾ ಮತ್ತೆ ನೂರಾಗಿತ್ತು. ಒಂದು ಅಪರೂಪದ ಪೆನ್ನು ಹರಾಜಿಗೆ ಹಾಕಿದ್ದೆ. ಅಲ್ಲಿವರೆಗೆ ನಾನು ಮಾರಿದ್ದರಲ್ಲೇ ದುಬಾರಿ. ಒಬ್ಬರು ಮೂರು ನಾಲ್ಕು ಪ್ರಶ್ನೆ ಕೇಳಿದರು. ನಿಬ್ಬು ಹೇಗೆ ಬರೆಯುತ್ತೆ, ಕ್ಲಿಪ್ ಬಿಗಿ ಇದೆಯಾ ಅಂತೆಲ್ಲ. ವಿಷಯ ಗೊತ್ತಿರೋ ಮನುಷ್ಯ ಅಂತ ಖುಷಿಯಾಯಿತು. ಕೊನೆಗೆ ಬಂದ ಮೆಸೇಜ್: "ಒಡೆದು ಬಂದರೆ ನಾನೇ ಬೀಳಿಸಿದೆ ಅಂತೀರಾ?" ಹಳೇ ಪುಟಗಳನ್ನ ಕೆದಕಿ ನನ್ನ ಉತ್ತರ ಓದಿದ್ದರು. ಅವರು ಬಿಡ್ ಹಾಕಲಿಲ್ಲ. ಪೆನ್ನು ಬೇರೆಯವರಿಗೆ ಹೋಯಿತು, ನಾನು ಅಂದುಕೊಂಡಿದ್ದಕ್ಕಿಂತ ಕಮ್ಮಿಗೆ.

ಅವತ್ತಿಂದ ನಾನು ಕೊಳ್ಳುವಾಗಲೂ ಅದನ್ನೇ ಮಾಡುತ್ತೇನೆ. ಶೇಕಡಾ ಎಷ್ಟು ಅಂತ ಒಂದು ಕಣ್ಣು ಹಾಯಿಸಿ, ನೇರವಾಗಿ ನೆಗೆಟಿವ್‌ಗಳನ್ನ ತೆಗೆದು ಮಾರುವವರು ಏನು ಬರೆದಿದ್ದಾರೆ ಅಂತ ಓದುತ್ತೇನೆ. ಅಗ್ಗದ ವಸ್ತುವಿಗೆ ಯಾರೂ ಇಷ್ಟು ಕೆದಕಲ್ಲ. ಬೆಲೆ ಏರಿದ ಹಾಗೆ ಕೆದಕೋದು ಏರುತ್ತೆ. ಸೆಕೆಂಡ್‌ಹ್ಯಾಂಡ್ ಮಾಲು, ಕೈಯಲ್ಲಿ ಮುಟ್ಟಿ ನೋಡೋಕೆ ಆಗದ ಮಾಲು ಇದ್ದರಂತೂ ಇನ್ನೂ ಜಾಸ್ತಿ. ಪ್ಯಾಕೆಟ್ ಒಡೆಯದ ಹೊಸ ವಸ್ತು ಮಾರುತ್ತಿದ್ದರೆ ನಿಮಗೆ ಈ ತಲೆನೋವು ಅರ್ಧಕ್ಕರ್ಧ ಕಮ್ಮಿ.

"ನಾನೂ ಅವರಿಗೆ ನೆಗೆಟಿವ್ ಹಾಕಿ ಸೇಡು ತೀರಿಸಿಕೊಳ್ಳಲಾ?" ಅಂತ ಕೊನೆಯಲ್ಲಿ ಕೇಳಿದ್ದೀರಿ. ಇಬೇಯಲ್ಲಿ ಆ ದಾರಿ 2008ರ ಮೇ ತಿಂಗಳಲ್ಲೇ ಮುಚ್ಚಿತು. ಅದಕ್ಕೆ ಮುಂಚೆ ಇಬ್ಬರೂ ಒಬ್ಬರಿಗೊಬ್ಬರು ಹಾಕಬಹುದಿತ್ತು. ಮಾರುವವರು ಬೇಕಂತಲೇ ಕಾಯುತ್ತಿದ್ದರು. ನೀನು ಏನು ಹಾಕ್ತೀಯೋ ನೋಡಿ ನಾನು ಹಾಕ್ತೀನಿ ಅನ್ನೋ ಹಾಗೆ. ಹೆದರಿ ಕೊಂಡವರು ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಈಗ ಅಲ್ಲಿ ಮಾರುವವರು ಪಾಸಿಟಿವ್ ಹಾಕಬಹುದು, ಇಲ್ಲ ಸುಮ್ಮನಿರಬಹುದು. ಮಾರುವವರಿಗೆ ಇದು ಅನ್ಯಾಯ ಅಂತ ಆಗ ಬಹಳ ಜನ ಕೂಗಾಡಿದರು. ನನಗೆ ಹಾಗನಿಸಲ್ಲ. ಹರಾಜಿನಲ್ಲಿ ಗೆದ್ದವರು ಮೊದಲು ಹಣ ಕಟ್ಟುತ್ತಾರೆ, ಆಮೇಲೆ ಪಾರ್ಸೆಲ್ ಕಾಯುತ್ತಾರೆ. ನಂಬಿಕೆ ಇಟ್ಟವರು ಅವರು. ಮಾತಾಡೋ ಹಕ್ಕೂ ಅವರಿಗೇ ಸ್ವಲ್ಪ ಜಾಸ್ತಿ ಇರಲಿ ಬಿಡಿ.

ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರಲ್ಲ. ಜನರಿಗೆ ಕಾಣೋ ರೇಟಿಂಗ್ ಬೇರೆ, ತಾಣ ಒಳಗೆ ಇಟ್ಟುಕೊಳ್ಳೋ ಲೆಕ್ಕ ಬೇರೆ. ಇಬೇಯಲ್ಲಿ ಮಾರುವವರ ದರ್ಜೆ ತೀರ್ಮಾನಿಸುವಾಗ ಮಾರಿದ ಮೇಲೆ ಸ್ಟಾಕ್ ಇಲ್ಲ ಅಂತ ರದ್ದು ಮಾಡಿದ್ದು, ನೀವು ಬಗೆಹರಿಸದೆ ತಾಣವೇ ತೀರ್ಪು ಕೊಡಬೇಕಾಗಿ ಬಂದ ದೂರುಗಳು ಲೆಕ್ಕಕ್ಕೆ ಬರುತ್ತವೆ. ಇಂಥವು 2 ಶೇಕಡಾ ದಾಟಿದರೆ ಕೆಳದರ್ಜೆಗೆ ಬೀಳುತ್ತೀರಿ, ಹುಡುಕಿದವರಿಗೆ ನಿಮ್ಮ ಲಿಸ್ಟಿಂಗ್ ಕೆಳಗೆಲ್ಲೋ ಕಾಣುತ್ತೆ. ಮೇಲಿನ ದರ್ಜೆಗೆ 0.5 ಶೇಕಡಾದೊಳಗೆ ಇರಬೇಕು. ನೆಗೆಟಿವ್ ಬಂದರೂ ಹಣ ವಾಪಸ್ ಕೊಟ್ಟು ದೂರು ಮುಗಿಸಿದವರು ಉಳಿಯುತ್ತಾರೆ. ನೆಗೆಟಿವ್ ಇಲ್ಲದೆ ದೂರುಗಳನ್ನ ಎಳೆದಾಡಿದವರು ಮುಳುಗುತ್ತಾರೆ. ನಕ್ಷತ್ರ ನೋಡ್ತಾ ಕೂತವರಿಗೆ ಇದು ತಡವಾಗಿ ಗೊತ್ತಾಗುತ್ತೆ.

ನೋಸ್ಕೊ, ಟಡೆಲಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಏನೂ ಬರೆಯದೆ ಹೋದವರನ್ನೂ ಲೆಕ್ಕಕ್ಕೆ ಹಿಡಿದರು. ಪಾಸಿಟಿವ್‌ಗಳನ್ನ ಒಟ್ಟು ವ್ಯವಹಾರದಿಂದ ಭಾಗಿಸಿದರೆ ಮಾರುವವರ ಗುಣ ಹೆಚ್ಚು ಸರಿಯಾಗಿ ಕಾಣುತ್ತೆ ಅನ್ನೋದು ಅವರ ಮಾತು. ಬೇಸರ ಆದವರು ಜಗಳ ಆಡಲ್ಲ, ಸುಮ್ಮನೆ ಎದ್ದು ಹೋಗುತ್ತಾರೆ. ನನ್ನ ಹಳೇ ಲೆಕ್ಕದ ಪುಸ್ತಕ ತೆಗೆದು ನೋಡಿದಾಗ, ಕವರ್‌ಗೆ ತುರುಕಿ ಕಳಿಸಿದ ಆ ಆರು ವಾರದಲ್ಲಿ ಬರೆದವರೇ ಕಮ್ಮಿ. ನೆಗೆಟಿವ್ ಒಂದೇ ಇತ್ತು, ಆದರೆ ಮೌನ ಬಹಳ ಇತ್ತು.

ಇಬೇಯ ಮೊದಲ ಮಾರಾಟದ ಕಥೆ ಕೇಳಿರಬಹುದು. 1995ರಲ್ಲಿ ಪಿಯರ್ ಒಮಿಡ್ಯಾರ್ ತಾನೇ ಕಟ್ಟಿದ ತಾಣದಲ್ಲಿ ಕೆಟ್ಟುಹೋದ ಲೇಸರ್ ಪಾಯಿಂಟರ್ ಹಾಕಿದ. 14.83 ಡಾಲರ್‌ಗೆ ಹೋಯಿತು. ಇದು ಕೆಟ್ಟಿದೆ, ಗೊತ್ತು ತಾನೇ ಅಂತ ಕೊಂಡವನನ್ನ ಕೇಳಿದರೆ, ಕೆಟ್ಟಿರೋವನ್ನೇ ಕೂಡಿಡೋದು ನನ್ನ ಹವ್ಯಾಸ ಅಂದನಂತೆ. ಫೀಡ್‌ಬ್ಯಾಕ್ ಪದ್ಧತಿ ಶುರುವಾಗಿದ್ದೇ ಆಮೇಲೆ, 1996ರ ಫೆಬ್ರವರಿಯಲ್ಲಿ. ಕೆಟ್ಟಿದೆ ಅಂತ ಹೇಳಿ ಮಾರಿದ್ದಕ್ಕೆ ರೇಟಿಂಗ್ ಬೇಕಾಗಿರಲಿಲ್ಲ. ಈಗ ನಾನು ಪ್ರತಿ ಕ್ಯಾಪ್ ಅಂಚನ್ನೂ ಟಾರ್ಚ್ ಬಿಟ್ಟು ಫೋಟೋ ತೆಗೆಯುತ್ತೇನೆ. ಬಿರುಕಿದ್ದರೆ ವಿವರಣೆಯ ಮೊದಲ ಸಾಲಲ್ಲೇ ಬರೆಯುತ್ತೇನೆ. ಬಿರುಕಿನ ಪೆನ್ನುಗಳೂ ಹೋಗುತ್ತವೆ. ರಿಪೇರಿ ಕಲಿಯುವವರು, ಬಿಡಿಭಾಗ ಬೇಕಾದವರು ಅದನ್ನೇ ಹುಡುಕುತ್ತಿರುತ್ತಾರೆ.

ಇವತ್ತು ನೀವು ಮಾಡಬೇಕಾದ್ದು ಇಷ್ಟೇ. ಮೊದಲು ಆ ಖರೀದಿದಾರರಿಗೆ ಖಾಸಗಿಯಾಗಿ ಮೆಸೇಜ್ ಹಾಕಿ, ಏನು ತೊಂದರೆ ಆಯಿತು ಅಂತ ಕೇಳಿ. ರೇಟಿಂಗ್ ಬದಲಿಸಿ ಅಂತ ಮೊದಲ ಮೆಸೇಜಲ್ಲೇ ಗೋಗರೆಯಬೇಡಿ, ಅದು ಅವರಿಗಿಂತ ನಿಮ್ಮ ಮೇಲಿನ ಕಾಳಜಿ ಅನ್ನೋದು ಎದ್ದು ಕಾಣುತ್ತೆ. ತೊಂದರೆ ಬಗೆಹರಿದ ಮೇಲೆ ಒಂದು ಸಲ ಕೇಳಿ. ಇಬೇಯಂಥ ಕಡೆ ಬದಲಿಸಿಕೊಡಿ ಅಂತ ಕೋರಿಕೆ ಕಳಿಸೋ ವ್ಯವಸ್ಥೆ ಇದೆ, ಮಿತಿಯೂ ಇದೆ. ಆಮೇಲೆ ಬಹಿರಂಗ ಉತ್ತರ, ಎರಡೇ ಸಾಲು: ಏನಾಯಿತು, ನೀವೇನು ಮಾಡಿದಿರಿ. ಅದನ್ನ ಆ ಖರೀದಿದಾರರಿಗೆ ಅಂತ ಬರೆಯಬೇಡಿ. ಮುಂದೆ ಯಾವತ್ತೋ ನಿಮ್ಮ ಪುಟ ಕೆದಕೋ ಅಪರಿಚಿತರಿಗೆ ಅಂತ ಬರೆಯಿರಿ. ಹಾಕೋದು ನಾಳೆ ಬೆಳಿಗ್ಗೆ.

ಅವರು ನೆಗೆಟಿವ್‌ನಲ್ಲಿ ಬರೆದಿದ್ದೇನು ಅಂತ ನೀವು ಹೇಳೇ ಇಲ್ಲ. ಅದನ್ನೂ ನಿಮ್ಮ ಲಿಸ್ಟಿಂಗ್ ವಿವರಣೆಯನ್ನೂ ಇಲ್ಲಿ ಹಾಕಿ. ಆ ಎರಡು ಸಾಲು ಹೇಗಿರಬೇಕು ಅಂತ ಒಟ್ಟಿಗೆ ನೋಡೋಣ.