ಮರಳುಗಾಡಲ್ಲಿ ನಡೆದಾಡುವ ಊರು: ಓದುಗರ ಪ್ರಶ್ನೆ, ನನ್ನ ಉತ್ತರ

ಕಳೆದ ಸಂಚಿಕೆಯಲ್ಲಿ ಅಬುಧಾಬಿಯ ಮಸ್ದಾರ್ ಸಿಟಿ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ವಿಮಾನ ನಿಲ್ದಾಣದ ಹತ್ತಿರ, ಸುಮಾರು 6 ಚದರ ಕಿಲೋಮೀಟರ್ ಮರಳಿನ ಮೇಲೆ, ಕಾರಿಲ್ಲದೆ ಬದುಕಬಹುದಾದ ಊರು ಕಟ್ಟುತ್ತೇವೆ ಅಂತ 2006ರಲ್ಲಿ ಶುರುವಾದ ಯೋಜನೆ ಅದು. ಫಾಸ್ಟರ್ ಅಂಡ್ ಪಾರ್ಟ್‌ನರ್ಸ್ ಅನ್ನುವ ಬ್ರಿಟಿಷ್ ವಾಸ್ತುಶಿಲ್ಪ ಸಂಸ್ಥೆಯವರು ಅದರ ನಕ್ಷೆ ಮಾಡಿದರು. ಅದನ್ನು ಓದಿ ಹಲವರು ಪತ್ರ ಬರೆದಿದ್ದೀರಿ. ಅಬುಧಾಬಿಯಲ್ಲಿ ಬೀದಿ, ಫುಟ್‌ಪಾತ್ ವಿನ್ಯಾಸದ ಕೆಲಸವನ್ನೇ ಮಾಡಿಕೊಂಡು ಬಂದವಳು ನಾನು. ಆ ಅನುಭವದ ಮೇಲೆ ಉತ್ತರಿಸುತ್ತೇನೆ.

ಜುಲೈ ತಿಂಗಳಲ್ಲಿ 45 ಡಿಗ್ರಿ ದಾಟುವ ಜಾಗದಲ್ಲಿ ಯಾರು ನಡೀತಾರೆ ಮೇಡಂ? ನಡೆದಾಡುವ ಊರು ಅನ್ನೋದು ಅಲ್ಲಿ ಬರೀ ಹಟ ಅಲ್ವಾ?
— ವಾಸ್ತುಶಿಲ್ಪ ವಿದ್ಯಾರ್ಥಿ

ಹಟ ಅಲ್ಲ. ಹವಾಮಾನ ವರದಿಯಲ್ಲಿ ಬರುವ 45 ಡಿಗ್ರಿ ನೆರಳಿನಲ್ಲಿ ಅಳೆದ ಗಾಳಿಯ ಬಿಸಿ. ನಿಮ್ಮ ಮೈಗೆ ತಟ್ಟುವುದು ಅದೊಂದೇ ಅಲ್ಲ. ಮೇಲಿಂದ ಬಿಸಿಲು, ಕೆಳಗಿಂದ ಕಾದ ಡಾಂಬರು, ಪಕ್ಕದಿಂದ ಗಾಜಿನ ಗೋಡೆ, ಎಲ್ಲವೂ ಮೈಮೇಲೆ ಶಾಖ ಎಸೆಯುತ್ತಿರುತ್ತವೆ. ಬೇಸಿಗೆಯ ಮಧ್ಯಾಹ್ನ ಬಿಸಿಲಿಗೆ ಬಿದ್ದ ಡಾಂಬರು 60 ಡಿಗ್ರಿ ದಾಟುವುದು ಮಾಮೂಲು. ಗಾಳಿಯ ಬಿಸಿಯನ್ನು ಯೋಜಕರು ಹೆಚ್ಚೇನೂ ಇಳಿಸಲಾರರು. ಆದರೆ ಈ ಮೂರು ಕಡೆಯ ಶಾಖವನ್ನು ತಡೆಯುವುದು ಪೂರ್ತಿ ನಮ್ಮ ಕೈಯಲ್ಲಿದೆ. ಹಾಗಾಗಿ ನಾನು ಯಾವಾಗಲೂ ಹೇಳುವುದು ಒಂದೇ ಮಾತು: ಅಲ್ಲಿ ನೆರಳು ಅಲಂಕಾರ ಅಲ್ಲ, ನೀರು, ಕರೆಂಟ್ ಥರ ಮನೆ ಬಾಗಿಲಿಗೆ ಬರಬೇಕಾದ ಸೌಲಭ್ಯ. ಮಧ್ಯದಲ್ಲಿ ಎಲ್ಲೂ ಕಡಿಯಬಾರದು.

ಸ್ವಲ್ಪ ಲೆಕ್ಕ ನೋಡಿ. ಉತ್ತರ–ದಕ್ಷಿಣವಾಗಿ ಹೋಗುವ ಬೀದಿ 5 ಮೀಟರ್ ಅಗಲ, ಎರಡೂ ಪಕ್ಕ 15 ಮೀಟರ್ ಎತ್ತರದ ಗೋಡೆ ಇದೆ ಅಂದುಕೊಳ್ಳಿ. ಜೂನ್‌ನಲ್ಲಿ ಸೂರ್ಯ ನೆತ್ತಿಗೆ ಬರುವ ಹೊತ್ತಿನ ಹಿಂದೆ ಮುಂದೆ ಒಂದು ಗಂಟೆ ಚಿಲ್ಲರೆ ಮಾತ್ರ ಬಿಸಿಲು ನೆಲ ಮುಟ್ಟುತ್ತದೆ. ಅದೇ ಬೀದಿಯನ್ನು 15 ಮೀಟರ್ ಅಗಲ ಮಾಡಿದರೆ ಹಿಂದೆ ಮೂರು ಗಂಟೆ, ಮುಂದೆ ಮೂರು ಗಂಟೆಗಿಂತ ಜಾಸ್ತಿ ಬಿಸಿಲು. ಪೂರ್ವ–ಪಶ್ಚಿಮದ ಬೀದಿಯ ಪಾಡು ಇನ್ನೂ ಕಷ್ಟ. ಸೂರ್ಯ ಬೀದಿಯ ಉದ್ದಕ್ಕೇ ಸಾಗುವುದರಿಂದ ಗೋಡೆ ಎಷ್ಟೇ ಎತ್ತರ ಇದ್ದರೂ ಪ್ರಯೋಜನ ಕಮ್ಮಿ. ಮಸ್ದಾರ್‌ನಲ್ಲಿ ಇಡೀ ನಕ್ಷೆಯನ್ನು ಈಶಾನ್ಯ–ನೈಋತ್ಯಕ್ಕೆ ಓರೆ ಮಾಡಿ ಇಟ್ಟಿರುವುದು, ಬೀದಿಗಳನ್ನು ಇಕ್ಕಟ್ಟಾಗಿ ಕಟ್ಟಿರುವುದು ಇದಕ್ಕೇ. ಇದು ಹೊಸ ಬುದ್ಧಿಯೇನಲ್ಲ. ಆ ಸೀಮೆಯ ಹಳೇ ಊರುಗಳಲ್ಲಿ ಸಿಕ್ಕಾ ಅನ್ನುವ ಸಂದುಗಳು ಹೀಗೇ ಇದ್ದವು.

ಆದರೆ ಇಲ್ಲಿ ಒಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಅಬುಧಾಬಿ ಇರುವುದು ಕರ್ಕಾಟಕ ವೃತ್ತದಿಂದ ಒಂದೇ ಡಿಗ್ರಿ ಉತ್ತರಕ್ಕೆ. ಜೂನ್ 21ರ ಸುಮಾರಿಗೆ ಮಧ್ಯಾಹ್ನ 12:20ರ ಹೊತ್ತಿನಲ್ಲಿ ಸೂರ್ಯ ಹೆಚ್ಚುಕಮ್ಮಿ ನೇರ ನೆತ್ತಿಯ ಮೇಲಿರುತ್ತಾನೆ. ಆಗ ಯಾವ ಗೋಡೆಯೂ ನೆರಳು ಕೊಡುವುದಿಲ್ಲ. ಬೆಳಿಗ್ಗೆ, ಸಂಜೆಗೆ ಗೋಡೆ ಸಾಕು, ಮಧ್ಯಾಹ್ನಕ್ಕೆ ಚಾವಣಿ ಬೇಕೇ ಬೇಕು. ಲಿಬಿಯಾದ ಘದಾಮಿಸ್ ಊರಿನಲ್ಲಿ ಓಣಿಗಳ ಮೇಲೆಯೇ ಮನೆಗಳನ್ನು ಚಾಚಿ ಕಟ್ಟಿ, ಓಣಿಗಳನ್ನೇ ಸುರಂಗ ಮಾಡಿಬಿಟ್ಟಿದ್ದಾರೆ. ಇರಾನಿನ ಯಜ್ದ್‌ನಲ್ಲಿ ಓಣಿಗೆ ಅಲ್ಲಲ್ಲಿ ಕಮಾನು ಹೊದಿಸಿದ್ದಾರೆ, ಅದಕ್ಕೆ ಸಾಬಾತ್ ಅನ್ನುತ್ತಾರೆ. ಹೊಸ ಊರಿನಲ್ಲಿ ಈ ಕೆಲಸವನ್ನು ಕಟ್ಟಡದ ಮುಂದಿನ ಕಂಬಸಾಲು, ಮುಂಚಾಚು, ಬಟ್ಟೆಯ ಚಪ್ಪರ ಮಾಡಬೇಕು.

ಇಕ್ಕಟ್ಟಾದ ಬೀದಿಗೂ ಒಂದು ತೊಡಕಿದೆ. ಹಗಲು ಹೀರಿದ ಶಾಖವನ್ನು ರಾತ್ರಿ ಆಕಾಶಕ್ಕೆ ಬಿಡಲು ಅದಕ್ಕೆ ಜಾಗ ಕಮ್ಮಿ. ಆದ್ದರಿಂದ ಗೋಡೆ ಜಾಸ್ತಿ ಶಾಖ ಹಿಡಿದಿಡಬಾರದು, ಗಾಳಿ ಓಡಾಡಲು ದಾರಿ ಇರಬೇಕು. ಮಸ್ದಾರ್‌ನೊಳಗೆ ಕಟ್ಟಿದ ವಿದ್ಯಾಸಂಸ್ಥೆಯ ವಿದ್ಯಾರ್ಥಿಗಳ ಮನೆಗಳ ಮುಂದೆ ಮರಳಿನ ಬಣ್ಣದ ತೆಳು ಸಿಮೆಂಟ್ ಜಾಲರಿಗಳಿವೆ. ಅಲೆಅಲೆಯಾಗಿ ಬಾಗಿದ ಜಾಲರಿ, ಒಳಗಡೆ ಬಾಲ್ಕನಿ. ಪ್ರಯೋಗಾಲಯಗಳ ಗೋಡೆಗೆ ಗಾಳಿ ತುಂಬಿದ ಪ್ಲಾಸ್ಟಿಕ್ ದಿಂಬಿನ ಹೊದಿಕೆ ಹಾಕಿದ್ದಾರೆ. ನಾನು ನಡು ಮಧ್ಯಾಹ್ನ ಅದರ ಪಕ್ಕ ನಿಂತಿದ್ದೇನೆ. ಮೈಗೆ ರಾಚುವ ಝಳ ಇಲ್ಲ. ಅದೇ ಬೀದಿಯಿಂದ ಹೊರಗೆ ಬಂದು ಬಯಲಿನ ಪಾರ್ಕಿಂಗ್ ಕಡೆ ಹೆಜ್ಜೆ ಇಟ್ಟ ತಕ್ಷಣ ಮುಖಕ್ಕೆ ಹೊಡೆಯುತ್ತದೆ. ಅಲ್ಲಿಂದ ಮುಂದಕ್ಕೆ ಯಾರೂ ನಡೆಯುವುದಿಲ್ಲ. ಐನೂರು ಮೀಟರ್ ನೆರಳು ಕೊಟ್ಟು ಐವತ್ತು ಮೀಟರ್ ಬಿಸಿಲಿಗೆ ಬಿಟ್ಟರೆ, ಜನ ಆ ಐವತ್ತು ಮೀಟರ್ ನೋಡಿಯೇ ಕಾರು ಹತ್ತುತ್ತಾರೆ.

ಗಾಳಿಗೋಪುರ ಕಟ್ಟಿದರೆ ಎಸಿ ಬೇಕಾಗಲ್ಲ ಅಂತ ಓದಿದ್ದೆ. ನಿಜಾನಾ?
— ಒಬ್ಬ ಶಿಕ್ಷಕಿ

ಅಬುಧಾಬಿಯ ಮಟ್ಟಿಗೆ ನಿಜ ಅಲ್ಲ. ಮಸ್ದಾರ್‌ನ ಅಂಗಳದಲ್ಲಿ 45 ಮೀಟರ್ ಎತ್ತರದ ಗೋಪುರ ಇದೆ. ಅರಬರು ಬರ್ಜೀಲ್ ಅನ್ನುವ ಹಳೇ ಗಾಳಿಗೋಪುರದ ಹೊಸ ರೂಪ. ಗಾಳಿ ಬರುವ ಕಡೆಗೆ ಮೇಲಿನ ರೆಕ್ಕೆಗಳು ತೆರೆದುಕೊಳ್ಳುತ್ತವೆ, ಗಾಳಿ ಕೆಳಗಿಳಿಯುತ್ತದೆ, ನೀರಿನ ತುಂತುರು ಅದನ್ನು ತಂಪು ಮಾಡುತ್ತದೆ. ಕೆಳಗೆ ಕೂತವರಿಗೆ ಹಾಯೆನಿಸುತ್ತದೆ. ಆದರೆ ಅದು ತಂಪು ಮಾಡುವುದು ಅಂಗಳವನ್ನು, ಮನೆಯೊಳಗಿನ ಕೋಣೆಯನ್ನಲ್ಲ.

ಇನ್ನೊಂದು ಮುಖ್ಯ ವಿಷಯ ಇದೆ. ಗಾಳಿಗೋಪುರಗಳಿಗೆ ಹೆಸರಾದ ಯಜ್ದ್ ಸಮುದ್ರದಿಂದ ದೂರದ ಒಣ ಊರು. ನೀರು ಆರುವಾಗ ಗಾಳಿ ಚೆನ್ನಾಗಿ ತಣಿಯುತ್ತದೆ. ಅಬುಧಾಬಿ ಕಡಲ ದಂಡೆ. ಆಗಸ್ಟ್ ರಾತ್ರಿ ಹೊರಗೆ ಬಂದರೆ ಕನ್ನಡಕದ ಮೇಲೆ ಮಂಜು ಕೂರುವಷ್ಟು ತೇವ. ಅಂಥ ಗಾಳಿಗೆ ಇನ್ನಷ್ಟು ನೀರು ಚಿಮುಕಿಸಿದರೆ ಸೆಕೆ ಹೆಚ್ಚುತ್ತದೆ ಅಷ್ಟೇ. ಮರುಭೂಮಿ ಅಂದರೆ ಎಲ್ಲಾ ಒಂದೇ ಅಲ್ಲ. ದುಬೈನ ಅಲ್ ಫಹೀದಿಯಲ್ಲಿ, ಹಿಂದೆ ಬಸ್ತಕಿಯಾ ಅನ್ನುತ್ತಿದ್ದ ಕೇರಿಯಲ್ಲಿ, ಇರಾನಿನ ಕಡೆಯಿಂದ ಬಂದ ವರ್ತಕರು ಕಟ್ಟಿದ ಬರ್ಜೀಲ್‌ಗಳಿವೆ. ಅವು ಮುಖ್ಯವಾಗಿ ಬೀಸುವ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುತ್ತವೆ. ನೀರಿನ ಆಟ ಅಲ್ಲಿಲ್ಲ. ಕಡಲ ಪಕ್ಕ ಅದೇ ಸರಿಯಾದ ದಾರಿ.

ಎಸಿ ಬೇಕು. ಆದರೆ ಕಟ್ಟಡದ ಮೈಗೆ ನೆರಳಿದ್ದರೆ, ಒಂದಕ್ಕೊಂದು ಒತ್ತಿಕೊಂಡಿದ್ದರೆ, ಗಾಜು ಕಮ್ಮಿ ಇದ್ದರೆ ಎಸಿಯ ಹೊರೆ ತುಂಬ ಇಳಿಯುತ್ತದೆ. ಅಬುಧಾಬಿಯಲ್ಲಿ 2010ರಿಂದ ಹೊಸ ಕಟ್ಟಡಗಳೆಲ್ಲ ಎಸ್ತಿದಾಮ ಅನ್ನುವ ಅಲ್ಲಿನ ಹಸಿರು ಕಟ್ಟಡ ಪದ್ಧತಿಯಲ್ಲಿ ಕನಿಷ್ಠ ಒಂದು ಪರ್ಲ್ (ಮುತ್ತು) ದರ್ಜೆಯನ್ನಾದರೂ ಪಡೆಯಲೇಬೇಕು, ಸರ್ಕಾರದ್ದಾದರೆ ಎರಡು. ಅದನ್ನು ಕಡ್ಡಾಯ ಮಾಡಿದ್ದು ಒಳ್ಳೆಯ ಕೆಲಸ.

ಊರಿಗೆ ಬೇಕಾದ ಕರೆಂಟ್ ಪೂರ್ತಿ ಅಲ್ಲೇ ಬಿಸಿಲಿಂದ ಸಿಗುತ್ತಾ?
— ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿರುವವರು

ಪೂರ್ತಿ ಅಲ್ಲ. 2009ರಲ್ಲಿ 22 ಹೆಕ್ಟೇರ್‌ನಲ್ಲಿ 10 ಮೆಗಾವಾಟ್‌ನ ಸೌರ ಘಟಕ ಶುರುವಾಯಿತು, ಚಾವಣಿಗಳ ಮೇಲೂ ಸೌರ ಹಲಗೆಗಳಿವೆ. ಧೂಳು ಕೂತರೆ ಉತ್ಪಾದನೆ ಬೀಳುತ್ತದೆ, ತೊಳೆಯುತ್ತಲೇ ಇರಬೇಕು. ಎಲ್ಲವನ್ನೂ ಊರೊಳಗೇ ಹುಟ್ಟಿಸಬೇಕು ಅನ್ನುವ ಹಟವನ್ನು 2010ರ ಮರುಪರಿಶೀಲನೆಯಲ್ಲಿ ಕೈಬಿಟ್ಟರು. ಸರಿಯಾಗೇ ಮಾಡಿದರು ಅನ್ನುತ್ತೇನೆ. ಊರಾಚೆ ಸ್ವೈಹಾನ್‌ನ ಬಯಲಲ್ಲಿ 2019ರಿಂದ 1,177 ಮೆಗಾವಾಟ್‌ನ ನೂರ್ ಅಬುಧಾಬಿ ಸೌರ ಘಟಕ ನಡೆಯುತ್ತಿದೆ. ಹಲಗೆಗೆ ಅಂಥ ಜಾಗ ಇರಲಿ, ಊರೊಳಗಿನ ನೆಲ ಮನೆಗೆ, ಅಂಗಡಿಗೆ, ನೆರಳಿಗೆ ಸಿಗಲಿ.

ಡ್ರೈವರ್ ಇಲ್ಲದ ಪುಟ್ಟ ಬಂಡಿಗಳು ಓಡುತ್ತವೆ ಅಂದಿದ್ದರಲ್ಲ, ಅವು ಏನಾದವು?
— ಹಳೇ ಓದುಗರು

ಮೊದಲ ನಕ್ಷೆಯಲ್ಲಿ ಇಡೀ ಊರನ್ನು ಸುಮಾರು 7 ಮೀಟರ್ ಎತ್ತರದ ಕಟ್ಟೆಯ ಮೇಲೆ ಕೂರಿಸಿದ್ದರು. ಜನ ಮೇಲೆ, ಬಂಡಿ ಕೆಳಗೆ. 2010ರಲ್ಲಿ ಮೊದಲ ಬಂಡಿಗಳು ಓಡಿದವು. ಬ್ಯಾಟರಿ ಬಂಡಿ, ನೆಲದಲ್ಲಿ ಹುಗಿದ ಅಯಸ್ಕಾಂತಗಳನ್ನು ನೋಡಿಕೊಂಡು ದಾರಿ ಹಿಡಿಯುತ್ತದೆ. ಆದರೆ ಅಷ್ಟು ದೊಡ್ಡ ಕಟ್ಟೆಗೆ ಆಗುವ ಖರ್ಚು, 2008ರ ಆರ್ಥಿಕ ಕುಸಿತ ಎರಡೂ ಸೇರಿ ಮುಂದಿನ ಹಂತಗಳಲ್ಲಿ ಕಟ್ಟೆಯನ್ನು ಬಿಟ್ಟರು. ಎಲ್ಲಾ ಕಡೆ ಓಡಬೇಕಿದ್ದ ಬಂಡಿ ಪಾರ್ಕಿಂಗ್‌ನಿಂದ ಒಳಗಿನವರೆಗಿನ ಚಿಕ್ಕ ದಾರಿಗೆ ಸೀಮಿತವಾಯಿತು.

ನನಗೆ ಇದರಲ್ಲಿ ಬೇಸರ ಬಂಡಿಯದ್ದಲ್ಲ. ಯಾವ ಮನೆಯಿಂದಲೂ 200 ಮೀಟರ್ ಒಳಗೆ ಸಾರಿಗೆ ಸಿಗಬೇಕು ಅಂತ ಅವರು ಮೊದಲು ಇಟ್ಟುಕೊಂಡಿದ್ದ ಗುರಿ ಬಹಳ ಒಳ್ಳೆಯದಿತ್ತು. ಅದನ್ನು ಪೂರೈಸಲು ಅಯಸ್ಕಾಂತ ಬೇಕಿಲ್ಲ. ಬೇಗಬೇಗ ಬರುವ ಒಳ್ಳೆಯ ಬಸ್ಸು, ನೆರಳಿನ ನಿಲ್ದಾಣ ಸಾಕು.

ಗಿಡ ಮರ ಜಾಸ್ತಿ ಹಾಕಿದರೆ ಎಲ್ಲಾ ಸರಿಹೋಗುತ್ತೆ ಅಲ್ವಾ?
— ಮನೆ ಮುಂದೆ ಕೈತೋಟ ಮಾಡಿರುವವರು

ಯಾವ ಮರ, ಯಾರ ನೀರು ಅನ್ನುವುದನ್ನು ಮೊದಲು ಕೇಳಬೇಕು. ಅಲ್ಲಿ ಕುಡಿಯುವ ನೀರಿನ ಬಹುಪಾಲು ಸಮುದ್ರದ ನೀರಿನಿಂದ ಉಪ್ಪು ತೆಗೆದದ್ದು. ಅದಕ್ಕೆ ಬಹಳ ಇಂಧನ ಸುಡಬೇಕು. ಅಂಥ ನೀರನ್ನು ಹುಲ್ಲುಹಾಸಿಗೆ ಸುರಿಯುವುದು ಕಂಡರೆ ನನಗೆ ಸಂಕಟ ಆಗುತ್ತದೆ. ಹುಲ್ಲು ನೆರಳನ್ನೂ ಕೊಡುವುದಿಲ್ಲ. ಶುದ್ಧೀಕರಿಸಿದ ಬಚ್ಚಲ ನೀರು ಗಿಡಕ್ಕೆ ಸಾಕು, ಅದೂ ಬುಡಕ್ಕೆ ಹನಿಹನಿಯಾಗಿ.

ಮರ ಅಂದರೆ ಘಾಫ್. ಯುಎಇಯ ರಾಷ್ಟ್ರೀಯ ಮರ. ಅದು ಬೇರೇನಲ್ಲ, ನಾವು ಪೂಜಿಸುವ ಬನ್ನಿ ಮರವೇ! ಬೇರು ಆಳಕ್ಕೆ ಇಳಿದು ನೀರು ಹುಡುಕಿಕೊಳ್ಳುತ್ತದೆ. ಎಲೆ ಸಣ್ಣ, ಆದರೆ ಬೆಳೆದ ಮರದ ಕೊಂಬೆಗಳು ಜೋತುಬಿದ್ದು ಚೆನ್ನಾಗಿ ನೆರಳು ಕೊಡುತ್ತವೆ. ಒಂದೇ ಕಷ್ಟ, ನಿಧಾನವಾಗಿ ಬೆಳೆಯುತ್ತದೆ. ಉದ್ಘಾಟನೆಯ ದಿನ ಹಸಿರು ಕಾಣಬೇಕು ಅನ್ನುವವರು ಅದನ್ನು ಇಷ್ಟಪಡುವುದಿಲ್ಲ. ಅಲ್ಲಿಯವರೆಗೆ ಚಪ್ಪರ ಹಾಕಿ, ಪಕ್ಕದಲ್ಲಿ ಬನ್ನಿ ಬೆಳೆಯಲಿ. ಮರ ದೊಡ್ಡದಾದ ಮೇಲೆ ಚಪ್ಪರ ತೆಗೆದರಾಯಿತು.

ನಮ್ಮ ಮನೆಯವರು ಅಬುಧಾಬಿಯಲ್ಲಿ ಕಟ್ಟಡ ನಿರ್ವಹಣೆ ಕೆಲಸದಲ್ಲಿದ್ದಾರೆ. ಇಂಥ ಊರಲ್ಲಿ ಅವರಂಥವರು ಇರೋಕಾಗುತ್ತಾ?
— ಒಬ್ಬ ಗೃಹಿಣಿ

ನಿಮ್ಮ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಸಾಮಾನ್ಯವಾಗಿ ಇಂಥವರ ವಸತಿ ಮುಸಫ್ಫಾದಂಥ ದೂರದ ಕೈಗಾರಿಕಾ ಪ್ರದೇಶದಲ್ಲಿರುತ್ತದೆ. ಬೆಳಗಾಗುವ ಮುಂಚೆ ಕಂಪನಿ ಬಸ್ಸು ಹತ್ತಬೇಕು, ಸಂಜೆ ಮತ್ತೆ ಅದೇ ಬಸ್ಸಿಗೆ ಕಾಯಬೇಕು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3 ಗಂಟೆವರೆಗೆ ನೇರ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಅನ್ನುವ ನಿಯಮ ಇದೆ. ಅದು ಒಳ್ಳೆಯದೇ. ಆದರೆ ಆ ಎರಡೂವರೆ ಗಂಟೆ ಅವರು ಎಲ್ಲಿ ಕೂರಬೇಕು ಅನ್ನುವುದನ್ನು ನಕ್ಷೆಯಲ್ಲಿ ಯಾರಾದರೂ ಬರೆದಿರಬೇಕಲ್ಲ?

ನಾನು ಕಂಡದ್ದು ಹೇಳುತ್ತೇನೆ. ಚೆಂದದ ಕಟ್ಟಡವೊಂದರ ಹಿಂಬದಿ, ಕಸದ ಕೋಣೆಯ ಗೋಡೆಯ ಬುಡದಲ್ಲಿ ಒಂದು ಮೊಳ ಅಗಲದ ನೆರಳು. ಅದರಲ್ಲಿ ಸಾಲಾಗಿ, ಕಾಲು ಮಡಚಿಕೊಂಡು, ರಟ್ಟಿನ ಮೇಲೆ ಮಲಗಿದ್ದರು. ಮುಂಭಾಗದಲ್ಲಿ ಅಷ್ಟುದ್ದದ ಕಂಬಸಾಲಿನ ನೆರಳು ಖಾಲಿ ಇತ್ತು, ಅಲ್ಲಿ ಕೂರಲು ಅವರಿಗೆ ಬಿಡುತ್ತಿರಲಿಲ್ಲ. ಆ ಊರು ನಡೆದಾಡುವ ಊರು ಅಂತ ಎಷ್ಟು ಬಹುಮಾನ ತೆಗೆದುಕೊಂಡರೂ ನಾನು ಒಪ್ಪಲಾರೆ. ಗುಡಿಸುವವರು, ಕಾವಲಿನವರು, ಡೆಲಿವರಿ ಹುಡುಗರು ಊರೊಳಗೇ ಇರಲು ಅವರ ಸಂಬಳಕ್ಕೆ ಎಟಕುವ ಮನೆ ಮೊದಲ ಹಂತದಲ್ಲೇ ಬರಬೇಕು. ಇಲ್ಲದಿದ್ದರೆ ಕಾರು ತಪ್ಪಿಸಿ ಉಳಿಸಿದ ಇಂಧನವನ್ನು ಅವರನ್ನು ಕರೆತರುವ ಬಸ್ಸಿನಲ್ಲಿ ಸುಟ್ಟ ಹಾಗಾಗುತ್ತದೆ. ಅವರ ನಿದ್ದೆಯೂ ಹಾಳು.

ಕಾಲೇಜಿನಲ್ಲಿ ಮರುಭೂಮಿಯ ಊರೊಂದರ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಮೊದಲ ಗೆರೆ ಎಲ್ಲಿಂದ ಎಳೆಯಲಿ?
— ಅಂತಿಮ ವರ್ಷದ ವಿದ್ಯಾರ್ಥಿನಿ

ಮೇಲಿಂದ ಕಾಣುವ ನಕ್ಷೆ ಬೇಡ. ಬೀದಿಯ ಅಡ್ಡಸೀಳು ಮೊದಲು ಬರೆಯಿರಿ. ಎಷ್ಟು ಅಗಲ, ಗೋಡೆ ಎಷ್ಟು ಎತ್ತರ, ಚಾವಣಿ ಎಲ್ಲಿ, ಜೂನ್‌ನ ಸೂರ್ಯ ಎಲ್ಲಿ. ಆಮೇಲೆ ಅತಿ ದೂರದ ಮನೆಯಿಂದ ಬಸ್ ನಿಲ್ದಾಣ, ಶಾಲೆ, ಮಸೀದಿ, ದಿನಸಿ ಅಂಗಡಿಗೆ ಹೋಗುವ ದಾರಿಯನ್ನು ಗುರುತು ಮಾಡಿ, ಬಿಸಿಲು ಬೀಳುವ ತುಂಡುಗಳಿಗೆಲ್ಲ ಕೆಂಪು ಬಳಿಯಿರಿ. ಕೆಂಪು ಹೋಗುವವರೆಗೆ ತಿದ್ದಿ.

ಇನ್ನೊಂದು ಮಾತು, ಇದನ್ನು ತರಗತಿಯಲ್ಲಿ ಸಾಮಾನ್ಯವಾಗಿ ಹೇಳುವುದಿಲ್ಲ. ಊರು ಒಂದೇ ದಿನಕ್ಕೆ ಎದ್ದು ನಿಲ್ಲುವುದಿಲ್ಲ. ಮಸ್ದಾರ್ 2016ಕ್ಕೆ ಮುಗಿಯಬೇಕಿತ್ತು, ಆಮೇಲೆ ಗಡುವು ಮುಂದೆ ಮುಂದೆ ಹೋಗುತ್ತಾ 2030ಕ್ಕೆ ಬಂತು. 50,000 ಜನ ಅಂದುಕೊಂಡಿದ್ದ ಊರು ಇನ್ನೂ ಆ ಲೆಕ್ಕದ ಹತ್ತಿರವೂ ಬಂದಿಲ್ಲ. ಅಷ್ಟು ವರ್ಷ ಕಟ್ಟಡಗಳ ಗುಂಪು ಇಲ್ಲೊಂದು, ಅಲ್ಲೊಂದು, ನಡುವೆ ಬಯಲು. ನೆರಳು ಕಡಿಯುವುದು ಅಲ್ಲೇ. ಹಾಗಾಗಿ ಮೊದಲ ಹಂತ ಚಿಕ್ಕದಿರಲಿ, ಆದರೆ ಅದರಲ್ಲಿ ಮನೆ, ಶಾಲೆ, ಅಂಗಡಿ, ಕೆಲಸದ ಜಾಗ ಎಲ್ಲಾ ಇರಲಿ. ಎರಡನೇ ಹಂತದ ಕಡೆ ಹೋಗುವ ದಾರಿಗೆ ಕಟ್ಟಡ ಬರುವ ಮುಂಚೆಯೇ ಚಪ್ಪರ ಹಾಕಿ. ನಿಮ್ಮ ವರದಿಯಲ್ಲಿ ಐದನೇ ವರ್ಷದ ನಕ್ಷೆ, ಹತ್ತನೇ ವರ್ಷದ ನಕ್ಷೆ ಬೇರೆ ಬೇರೆ ಇರಲಿ. ಎರಡರಲ್ಲೂ ಕೆಂಪು ಬಳಿದು ನೋಡಿ. ಮುಗಿದ ಮೇಲೆ ಪತ್ರಿಕೆಯ ವಿಳಾಸಕ್ಕೆ ಕಳಿಸಿ, ಓದಿ ಉತ್ತರ ಬರೆಯುತ್ತೇನೆ.