ಲಿಫ್ಟ್ ಇಲ್ಲದೆ ಮನೆಯಲ್ಲೇ ಪ್ರೀಮಿಯರ್ ಪದ್ಮಿನಿಯ ಗೇರ್‌ಬಾಕ್ಸ್ ಇಳಿಸಬಹುದೇ?

ತಂದೆಯವರ ಕಾಲದ ಪ್ರೀಮಿಯರ್ ಪದ್ಮಿನಿಯಲ್ಲಿ ಗೇರ್ ಹಾಕುವಾಗ ಕರಕರ ಸದ್ದು ಬರುತ್ತಿದೆ, ಓಡುವಾಗ ಕೆಳಗಿನಿಂದ ಗೊರಗೊರ ಕೇಳುತ್ತದೆ, ಎಂಜಿನ್ ಮುಟ್ಟದೆ ಗೇರ್‌ಬಾಕ್ಸ್ ಒಂದನ್ನೇ ಮನೆಯ ಶೆಡ್ಡಿನಲ್ಲಿ ಇಳಿಸಲು ಸಾಧ್ಯವೇ ಎಂದು ಕೇಳಿದ್ದೀರಿ. ಸಾಧ್ಯವಿದೆ. ನನ್ನ ಪದ್ಮಿನಿಯ ಗೇರ್‌ಬಾಕ್ಸನ್ನು ನಾನು ಮನೆಯ ಅಂಗಳದಲ್ಲಿ ಎರಡು ಬಾರಿ ಇಳಿಸಿದ್ದೇನೆ. ಎರಡನೆಯ ಬಾರಿ ಇಳಿಸಬೇಕಾಗಿ ಬಂದದ್ದು ಮೊದಲ ಬಾರಿ ಮಾಡಿದ ಒಂದೇ ತಪ್ಪಿನಿಂದ. ಆ ತಪ್ಪು ನಿಮ್ಮಿಂದ ಆಗಬಾರದೆಂದೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಸ್ಪ್ಯಾನರ್ ಹಿಡಿಯುವ ಮೊದಲು ದೋಷ ಗೇರ್‌ಬಾಕ್ಸಿನ ಒಳಗೇ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಈ ಗಾಡಿಯ ಹಳೆಯ ಮಾದರಿಗಳಲ್ಲಿ ಒಂದನೇ ಗೇರಿಗೆ ಸಿಂಕ್ರೋ, ಅಂದರೆ ಗೇರ್ ಬೀಳುವ ಮೊದಲು ಹಲ್ಲುಗಳ ವೇಗವನ್ನು ಹೊಂದಿಸುವ ವ್ಯವಸ್ಥೆ, ಇಲ್ಲ. ಗಾಡಿ ಪೂರ್ತಿ ನಿಲ್ಲದೆ ಒಂದಕ್ಕೆ ಹಾಕಿದರೆ ಸದ್ದು ಬಂದೇ ಬರುತ್ತದೆ, ಅದು ದೋಷವಲ್ಲ. ಗೇರ್ ಲಿವರ್ ಸ್ಟೇರಿಂಗ್ ಪಕ್ಕದಲ್ಲಿರುವ ಮಾದರಿಯಲ್ಲಿ, ಲಿವರಿನಿಂದ ಗೇರ್‌ಬಾಕ್ಸಿನವರೆಗೆ ಹೋಗುವ ಲಿಂಕ್‌ಗಳ ಬುಷ್ ಸವೆದರೂ ಗೇರ್ ಸರಿಯಾಗಿ ಬೀಳುವುದಿಲ್ಲ, ಅದನ್ನು ಸರಿಪಡಿಸಲು ಏನನ್ನೂ ಇಳಿಸಬೇಕಾಗಿಲ್ಲ. ಇನ್ನು ಗೊರಗೊರ ಶಬ್ದದ ವಿಷಯ. ಗಾಡಿ ನಿಂತಿರುವಾಗ ನ್ಯೂಟ್ರಲ್‌ನಲ್ಲಿ ಕೇಳಿಸುವ ಸದ್ದು ಕ್ಲಚ್ ಒತ್ತಿದೊಡನೆ ನಿಂತರೆ ಕ್ಲಚ್ಚಿನಿಂದ ಗೇರ್‌ಬಾಕ್ಸಿನೊಳಕ್ಕೆ ತಿರುಗುವಿಕೆ ತರುವ ಇನ್‌ಪುಟ್ ಶಾಫ್ಟಿನ ಬೇರಿಂಗನ್ನು ಸಂಶಯಿಸಬೇಕು. ಕ್ಲಚ್ ಒತ್ತಿದಾಗ ಮಾತ್ರ ಸದ್ದು ಹುಟ್ಟಿದರೆ ಅದು ಕ್ಲಚ್ಚನ್ನು ಒತ್ತಿ ಬಿಡಿಸುವ ರಿಲೀಸ್ ಬೇರಿಂಗ್. ಒಂದು, ಎರಡು, ಮೂರರಲ್ಲಿ ಜೋರಾಗಿದ್ದು ನಾಲ್ಕಕ್ಕೆ ಹಾಕಿದಾಗ ಕಡಿಮೆಯಾದರೆ, ನಾಲ್ಕನೇ ಗೇರಿನಲ್ಲಿ ಎಂಜಿನ್ನಿನ ತಿರುಗುವಿಕೆ ನೇರವಾಗಿ ಹಿಂದಕ್ಕೆ ಹೋಗುವುದರಿಂದ, ಉಳಿದ ಗೇರುಗಳಲ್ಲಿ ಭಾರ ಹೊರುವ ಕೆಳಗಿನ ಲೇಶಾಫ್ಟಿನ ಹಲ್ಲು ಅಥವಾ ಬೇರಿಂಗ್ ಸವೆದಿರುವ ಸಾಧ್ಯತೆಯೇ ಹೆಚ್ಚು.

ಇಳಿಸಲೇಬೇಕೆಂದಾದರೆ ಮೊದಲ ಖರ್ಚು ನಾಲ್ಕು ಒಳ್ಳೆಯ ಜಾಕ್ ಸ್ಟ್ಯಾಂಡ್‌ಗಳಿಗೆ ಇರಲಿ. ಇಟ್ಟಿಗೆ, ಹಾಲೋ ಬ್ಲಾಕ್‌ಗಳ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ಮಲಗುವವರನ್ನು ನೋಡಿದ್ದೇನೆ; ಅವು ಬಾಗುವುದಿಲ್ಲ, ಮುನ್ಸೂಚನೆ ಕೊಡದೆ ಒಮ್ಮೆಲೇ ಒಡೆಯುತ್ತವೆ, ಆದ್ದರಿಂದ ದಯವಿಟ್ಟು ಬೇಡ. ಗಟ್ಟಿ ಕಾಂಕ್ರೀಟ್ ನೆಲದ ಮೇಲೆ, ಜಾಕಿನ ಮೇಲಿಟ್ಟ ಗೇರ್‌ಬಾಕ್ಸ್ ಬಾಗಿಲ ಕೆಳಗಿನ ಅಂಚು ದಾಟಿ ಹೊರಬರುವಷ್ಟು ಎತ್ತರಕ್ಕೆ ಗಾಡಿಯನ್ನು ನಿಲ್ಲಿಸಿ, ಕೈಯಿಂದ ಜೋರಾಗಿ ಅಲುಗಾಡಿಸಿ ನೋಡಿದ ಮೇಲಷ್ಟೇ ಕೆಳಗೆ ಹೋಗಿ. ಇದು ಫಿಯೆಟ್ ಮೂಲದ ಗಾಡಿಯಾದ್ದರಿಂದ ಬೋಲ್ಟುಗಳು ಮಿಲಿಮೀಟರ್ ಲೆಕ್ಕದವು, ಅಂಬಾಸಿಡರ್‌ಗೆ ಬೇಕಾಗುವಂತೆ ಇಂಚಿನ ಸ್ಪ್ಯಾನರ್ ಬೇಕಾಗುವುದಿಲ್ಲ.

ಬ್ಯಾಟರಿಯ ಅರ್ಥ್ ವೈರ್ ತೆಗೆದು ಕೆಲಸ ಆರಂಭಿಸಿ. ಎಣ್ಣೆ ಇಳಿಸುವ ಮೊದಲು ಎಣ್ಣೆ ತುಂಬುವ ಪ್ಲಗ್ ಬಿಚ್ಚಿಕೊಳ್ಳುತ್ತದೆಯೇ ಎಂದು ನೋಡಿಕೊಳ್ಳಿ, ಇಲ್ಲವಾದರೆ ಮತ್ತೆ ತುಂಬಲು ದಾರಿಯಿರುವುದಿಲ್ಲ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಎರಡು ತುಂಡಿನದು, ನಡುವೆ ಬೇರಿಂಗಿನ ಆಸರೆಯಿದೆ. ಬಿಚ್ಚುವ ಮೊದಲು ಪ್ರತಿ ಜೋಡಣೆಯ ಎರಡೂ ಬದಿಗೆ ಬಿಳಿ ಪೇಂಟಿನಿಂದ ಗುರುತು ಹಾಕಿ, ಇಲ್ಲವಾದರೆ ಮರಳಿ ಜೋಡಿಸಿದಾಗ ಸಮತೋಲ ತಪ್ಪಿ ಗಾಡಿ ನಡುಗಬಹುದು. ಸ್ಪೀಡೋಮೀಟರ್ ಕೇಬಲ್, ಗೇರ್ ಲಿಂಕ್‌ಗಳು, ಕ್ಲಚ್ಚಿನ ಜೋಡಣೆ, ಸ್ಟಾರ್ಟರ್ ಮೋಟರ್, ಅಡ್ಡಬಂದರೆ ಸೈಲೆನ್ಸರಿನ ಮುಂದಿನ ಪೈಪು, ಇವುಗಳನ್ನು ಒಂದೊಂದಾಗಿ ಬಿಡಿಸಿ, ಪ್ರತಿಯೊಂದರ ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಡಿ.

ಗೇರ್‌ಬಾಕ್ಸಿನ ಹಿಂದಿನ ಅಡ್ಡಪಟ್ಟಿ ಎಂಜಿನ್ನಿನ ಹಿಂಭಾಗದ ಭಾರವನ್ನೂ ಹೊತ್ತಿರುತ್ತದೆ. ಆದ್ದರಿಂದ ಅದನ್ನು ಬಿಚ್ಚುವ ಮೊದಲು ಎಂಜಿನ್ನಿನ ತಳದ ಎಣ್ಣೆ ತಟ್ಟೆಯಾದ ಸಂಪಿನ ಕೆಳಗೆ ಅಗಲವಾದ ಹಲಗೆಯ ಮೇಲೆ ಒಂದು ಜಾಕ್, ಗೇರ್‌ಬಾಕ್ಸಿನ ಕೆಳಗೆ ಇನ್ನೊಂದು ಜಾಕ್ ಇರಲೇಬೇಕು. ಎರಡನ್ನೂ ಸ್ವಲ್ಪಸ್ವಲ್ಪವಾಗಿ ಇಳಿಸಿದರೆ, ಗೇರ್‌ಬಾಕ್ಸನ್ನು ಎಂಜಿನ್ನಿಗೆ ಸೇರಿಸುವ ಗಂಟೆಯಾಕಾರದ ಕವಚದ, ಅಂದರೆ ಬೆಲ್ ಹೌಸಿಂಗಿನ, ಮೇಲಿನ ಬೋಲ್ಟುಗಳಿಗೆ ಉದ್ದನೆಯ ಎಕ್ಸ್‌ಟೆನ್ಷನ್ ಹಾಕಲು ಜಾಗ ಸಿಗುತ್ತದೆ. ಇಳಿಸುವಾಗ ಮುಂದಿನ ಫ್ಯಾನ್ ರೇಡಿಯೇಟರಿಗೆ ತಾಗದಂತೆ, ಹೋಸ್ ಪೈಪುಗಳು ಎಳೆದುಕೊಳ್ಳದಂತೆ ಒಬ್ಬರು ಬಾನೆಟ್ ಬಳಿ ನಿಂತು ನೋಡುತ್ತಿರಲಿ.

ನಾನು ತಪ್ಪಿದ್ದು ಇದರ ನಂತರ. ಬೋಲ್ಟುಗಳೆಲ್ಲ ಬಂದ ಮೇಲೆ ಗೇರ್‌ಬಾಕ್ಸ್ ಬೆರಳು ತೂರುವಷ್ಟು ಹಿಂದೆ ಸರಿಯಿತು. ಆ ಸಂದಿಯಲ್ಲಿ ಬೂದುಬಣ್ಣದ ಧೂಳು ಹಿಡಿದ ಇನ್‌ಪುಟ್ ಶಾಫ್ಟ್ ಕಾಣುತ್ತಿತ್ತು, ಅದರ ತುದಿ ಇನ್ನೂ ಕ್ಲಚ್ ಪ್ಲೇಟಿನ ಒಳಗೇ ಇತ್ತು. ಜಾಕಿನ ಎತ್ತರ ಸಾಲದೆಂದು ಅದನ್ನು ಇಳಿಸಿ ಹಲಗೆ ತರಲು ಹೋದೆ. ಹತ್ತು ನಿಮಿಷ ಗೇರ್‌ಬಾಕ್ಸಿನ ಪೂರ್ತಿ ಭಾರ ಆ ಶಾಫ್ಟಿನ ಮೇಲೆ, ಅಂದರೆ ಕ್ಲಚ್ ಪ್ಲೇಟಿನ ನಡುಭಾಗದ ಮೇಲೆ ಜೋತುಬಿದ್ದಿತ್ತು. ಎಲ್ಲವನ್ನೂ ಮರಳಿ ಜೋಡಿಸಿ ಎಂಜಿನ್ ಶುರುಮಾಡಿದಾಗ ಕ್ಲಚ್ ಪೂರ್ತಿ ಒತ್ತಿದರೂ ಬಿಡಲಿಲ್ಲ. ಪುನಃ ಇಳಿಸಿ ಪ್ಲೇಟನ್ನು ಕಣ್ಣಿನ ನೇರಕ್ಕೆ ಹಿಡಿದು ತಿರುಗಿಸಿದರೆ ಅದರ ಅಂಚು ತಟ್ಟೆಯಂತೆ ಓಲಾಡುತ್ತಿತ್ತು. ಶಾಫ್ಟಿನ ತುದಿ ಪೂರ್ತಿ ಹೊರಬರುವವರೆಗೆ ಗೇರ್‌ಬಾಕ್ಸ್ ಎಂಜಿನ್ನಿನ ನೇರಕ್ಕೇ ಇರಬೇಕು, ಅದರ ಭಾರ ಜಾಕಿನ ಮೇಲೇ ಇರಬೇಕು. ಇಬ್ಬರಿಲ್ಲದೆ ಈ ಹಂತಕ್ಕೆ ಕೈ ಹಾಕಬೇಡಿ. ಬೋಲ್ಟುಗಳೆಲ್ಲ ಬಂದರೂ ಗೇರ್‌ಬಾಕ್ಸ್ ಸರಿಯದಿದ್ದರೆ ಎಲ್ಲೋ ಒಂದು ಬೋಲ್ಟು ಉಳಿದಿದೆ ಎಂದೇ ತಿಳಿದು ಹುಡುಕಿ, ಸಂದಿಗೆ ಉಳಿ ಹೊಡೆಯಬೇಡಿ.

ಒಳಗಿನ ಧೂಳನ್ನು ಗಾಳಿಯಿಂದ ಊದಬೇಡಿ, ಹಳೆಯ ಕ್ಲಚ್ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ. ಇಷ್ಟು ಶ್ರಮಪಟ್ಟು ಇಳಿಸಿದ ಮೇಲೆ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಫ್ಲೈವೀಲಿನ ನಡುವೆ ಇನ್‌ಪುಟ್ ಶಾಫ್ಟಿನ ತುದಿಗೆ ಆಸರೆಯಾಗುವ ಪೈಲಟ್ ಬೇರಿಂಗ್, ಎಣ್ಣೆ ಸೀಲುಗಳನ್ನು ಬದಲಿಸದೆ ಬಿಡುವುದು ಸರಿಯಲ್ಲ. ನೀವು ಬೆಂಗಳೂರಿನವರಾದರೆ ಹೊಸ ಭಾಗಗಳಿಗೆ ಜೆ.ಸಿ. ರಸ್ತೆಯ ಅಂಗಡಿಗಳಲ್ಲೂ ಹಳೆಯವುಗಳಿಗೆ ಶಿವಾಜಿನಗರದ ಗುಜರಿಯಲ್ಲೂ ವಿಚಾರಿಸಿ. ಗುಜರಿಯಲ್ಲಿ ಒಂದು ಹಳೆಯ ಇನ್‌ಪುಟ್ ಶಾಫ್ಟ್ ಸಿಕ್ಕಿದರೆ ಬಿಡಬೇಡಿ, ಕ್ಲಚ್ ಪ್ಲೇಟನ್ನು ನಡುವಿಗೆ ಕೂರಿಸಲು ಅದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ.

ಮರಳಿ ಏರಿಸುವಾಗ ತಲೆ ಕತ್ತರಿಸಿದ ಎರಡು ಉದ್ದನೆಯ ಬೋಲ್ಟುಗಳನ್ನು ಎಂಜಿನ್ನಿಗೆ ತಿರುಗಿಸಿಟ್ಟರೆ ಗೇರ್‌ಬಾಕ್ಸ್ ಅವುಗಳ ಮೇಲೆ ಜಾರಿಕೊಂಡು ನೇರವಾಗಿ ಬರುತ್ತದೆ. ಕೊನೆಯ ಅರ್ಧ ಇಂಚಿನಲ್ಲಿ ಸಿಕ್ಕಿಕೊಂಡರೆ ಗೇರಿಗೆ ಹಾಕಿ, ಪ್ರೊಪೆಲ್ಲರ್ ಶಾಫ್ಟ್ ಜೋಡಿಸುವ ಹಿಂದಿನ ಫ್ಲೇಂಜನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಹಲ್ಲಿಗೆ ಹಲ್ಲು ಕೂತೊಡನೆ ತಾನಾಗಿ ಒಳಗೆ ಹೋಗುತ್ತದೆ. ಬೋಲ್ಟು ಬಿಗಿದು ಎಳೆದುಕೊಳ್ಳಲು ಹೋದರೆ ಬೆಲ್ ಹೌಸಿಂಗಿನ ಕಿವಿ ಮುರಿಯುತ್ತದೆ.

ನಿಮ್ಮ ಗಾಡಿಯಲ್ಲಿ ಯಾವ ಗೇರಿನಲ್ಲಿ ಸದ್ದು ಹೆಚ್ಚು, ಕ್ಲಚ್ ಒತ್ತಿದಾಗ ಏನಾಗುತ್ತದೆ ಎಂಬುದನ್ನು ಮೊದಲು ಪರೀಕ್ಷಿಸಿ ಬರೆಯಿರಿ. ಇಳಿಸುವ ಅಗತ್ಯವಿದೆಯೇ ಇಲ್ಲವೇ ಎಂಬುದನ್ನು ಅಷ್ಟರಿಂದಲೇ ಬಹುಮಟ್ಟಿಗೆ ಹೇಳಬಹುದು.