ಪ್ರತಿಕ್ರಿಯೆ: ಅವನ ಹಳೆ ಕೇಸು ನೋಡಬಹುದಾ?

ಅಂಕೋಲಾದಿಂದ ಕಾರವಾರದ ಕಾಲೇಜಿಗೆ ಬಸ್ಸಲ್ಲಿ ಹೋಗುವ ತಂಗಿಯ ಹಿಂದೆ ಒಬ್ಬ ಬಿದ್ದಿದ್ದಾನೆ, ಅವನ ಮೇಲೆ ಮೊದಲೇ ಇಂಥ ದೂರು ಇದೆಯಾ ಅಂತ ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ಓದಿ ಬೇಜಾರಾಯ್ತು.

ಪೊಲೀಸ್ ದಾಖಲೆ ನೇರವಾಗಿ ಸಿಗುವುದು ಕಷ್ಟ. ಎಫ್‌ಐಆರ್‌ಗಳನ್ನು ವೆಬ್‌ಸೈಟಿಗೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಆದರೆ ಲೈಂಗಿಕ ಅಪರಾಧದಂಥ ಸೂಕ್ಷ್ಮ ಕೇಸುಗಳನ್ನು ಬಿಟ್ಟು. ಅದು ಸರಿಯೇ. ದೂರು ಕೊಟ್ಟ ಹುಡುಗಿಯ ಹೆಸರು ಊರೆಲ್ಲ ಹರಡಬಾರದು, ಅಲ್ವಾ? ಆರ್‌ಟಿಐನಲ್ಲಿ 10 ರೂಪಾಯಿ ಕಟ್ಟಿ ಠಾಣೆಯ ಕೇಸುಗಳ ಲೆಕ್ಕ ಕೇಳಬಹುದು. ಒಬ್ಬನ ಹೆಸರು ಹಿಡಿದು ಕೇಳಿದರೆ ಸಾಮಾನ್ಯವಾಗಿ ಕೊಡುವುದಿಲ್ಲ.

ಚಾರ್ಜ್‌ಶೀಟ್ ಆಗಿ ಕೋರ್ಟಿಗೆ ಹೋಗಿದ್ದರೆ ಇ-ಕೋರ್ಟ್ಸ್ ವೆಬ್‌ಸೈಟಲ್ಲಿ ಉತ್ತರ ಕನ್ನಡ ಜಿಲ್ಲೆ ಆರಿಸಿ, ಹೆಸರು, ವರ್ಷ ಹಾಕಿ ಹುಡುಕಿ. ಒಂದೇ ಹೆಸರಿನವರು ಜಾಸ್ತಿ ಇರ್ತಾರೆ, ದುಡುಕಬೇಡಿ.

ಆದರೆ ಹಳೆ ಕೇಸು ಸಿಗಲಿ ಅಂತ ದಯವಿಟ್ಟು ಕಾಯಬೇಡಿ. ಹೀಗೆ ಹಿಂದೆ ಬೀಳುವುದಕ್ಕೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ, ಅಂದರೆ ಈಗಿನ ಅಪರಾಧ ಕಾನೂನು) 78ನೇ ಕಲಂನಲ್ಲಿ ಮೊದಲ ಸಲಕ್ಕೇ 3 ವರ್ಷದವರೆಗೆ ಶಿಕ್ಷೆ ಇದೆ. ಮೊದಲೊಮ್ಮೆ ಶಿಕ್ಷೆಯಾದವನಿಗೆ 5 ವರ್ಷದವರೆಗೆ. ಹಳೆ ಶಿಕ್ಷೆ ಇದೆಯಾ ಅಂತ ಹುಡುಕುವುದು ಪೊಲೀಸರ ಕೆಲಸ. ತಂಗಿ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಎಫ್‌ಐಆರ್ ಪ್ರತಿ ಅವಳಿಗೆ ಉಚಿತ. ಕೇಳಿ ತಗೊಳ್ಳಿ. ತುರ್ತಾದರೆ 112ಕ್ಕೆ ಫೋನ್ ಮಾಡಿ.